ಬಿಟ್ಟುಹೋದ ಸಾಮಾನು

ಅರಕಲಗೂಡಿನ ಕೊನೇ ಟ್ರಿಪ್ಪು ಹಾಸನದ ಡಿಪೋ ಸೇರಿದಾಗ
ಹತ್ತೂ ಮುಕ್ಕಾಲು.
ಸೀಟಿನಡಿ ಬಗ್ಗಿ ನೋಡುವುದು ನನ್ನ ಚಾಳಿ.
ಕೊಡೆ, ಟಿಫನ್ ಕ್ಯಾರಿಯರ್, ಒಂದು ಸಲ ಹಲ್ಲಿನ ಸೆಟ್ಟು
ಸಿಕ್ಕಿದ್ದುಂಟು.
ಆವತ್ತು ಹಿಂದಿನ ಉದ್ದ ಸೀಟಿನ ಕೆಳಗೆ
ಬಿಸ್ಕತ್ತಿನ ರಟ್ಟಿನ ಡಬ್ಬ, ಹುರಿ ಸುತ್ತಿ ಎರಡು ಗಂಟು.
ಮುಚ್ಚಳಕ್ಕೆ ಬಾಲ್‌ಪೆನ್ನಿನಲ್ಲಿ ಚುಚ್ಚಿದ ತೂತು,
ಎಣಿಸಿದೆ, ಹನ್ನೊಂದು,
ಒಂದೊಂದರ ಅಂಚಿಗೂ ನೀಲಿ ಮಸಿ.

ಉಸಿರಾಡಲಿ ಎಂದು ಚುಚ್ಚಿದ ಕೈಯೇ
ಬಿಟ್ಟು ಇಳಿದೂ ಹೋಯಿತೇ?
ಇದೆಲ್ಲ ಆಮೇಲೆ ಹೊಳೆದದ್ದು.
ಮೊದಲು ಕಂಡದ್ದು ಕಿವಿ.

ಕಂಟ್ರೋಲರ್ ಜವರಪ್ಪನವರು ರಿಜಿಸ್ಟರ್ ಬಿಚ್ಚಿದರು.
ವಾರಸುದಾರರಿಲ್ಲದ ಸಾಮಾನು: ಮೊಲ, ಒಂದು.
ಬಣ್ಣ: ಬೂದಿ.
ಅಂದಾಜು ಬೆಲೆ?
ಪೆನ್ನು ಅಲ್ಲೇ ನಿಂತಿತು.
'ಟಿಕೆಟ್ ಹರಿದಿದ್ಯೇನಮ್ಮ ಇದಕ್ಕೆ?'
ಇಲ್ಲ ಸಾರ್. ಕೋಳಿಗಾದರೆ ಹರಿಯುತ್ತೇನೆ,
ಕೋಳಿ ಕೂಗುತ್ತದೆ.
ಇದು ಗೊರೂರಿನ ಅಷ್ಟೂ ಹಂಪುಗಳ ಮೇಲೆ
ತುಟಿ ಬಿಚ್ಚಲಿಲ್ಲ,
ಮುರಿದ ಕಾಲಿಟ್ಟುಕೊಂಡು.

ಬೆಳಿಗ್ಗೆ ಪಶುವೈದ್ಯಕೀಯ ಕಾಲೇಜಿನ ಸಾಲಿನಲ್ಲಿ
ಮುಂದೆ ಕೆಮ್ಮುವ ಕುರಿ, ಹಿಂದೆ ಸೀಮೆಹಸು,
ನಡುವೆ ಖಾಕಿ ಕಳಚದ ನಾನು, ಮಡಿಲಲ್ಲಿ ಡಬ್ಬ.
ಡಾಕ್ಟರ್ ಹುಡುಗಿ ಹಿಂಗಾಲು ಮುಟ್ಟಿ, ಮೂಸಿದಳು.
ಬಾಗಿಲ ಸಂದಿಯೋ ಬೈಕಿನ ಸ್ಟ್ಯಾಂಡೋ ಹೇಳಲಾಗದು,
ನಾಲ್ಕು ದಿನವಾದರೂ ಆಗಿದೆ, ಕೊಳೆತಿದೆ, ತೆಗೀಬೇಕು.
'ಮೊಲ ನೋವು ತೋರಿಸಲ್ಲ ಆಂಟಿ.
ತೋರಿಸಿದ್ರೆ ಹದ್ದಿಗೆ ಗೊತ್ತಾಗತ್ತೆ ಅಂತ ಅದರ ಲೆಕ್ಕ.'
ಆ ಲೆಕ್ಕ ನನಗೂ ಬರುತ್ತದೆ ಮಗಳೇ
ಅನ್ನಬೇಕೆಂದಿದ್ದೆ. ಅನ್ನಲಿಲ್ಲ.

ತೆಗೆದರು.
ಇನ್ನು ನಗುವ ಸರದಿ ಡಿಪೋದ್ದು.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋಳು ಇವಳು ಎಂದು
ಲಂಗ ಉಡುವ ವಯಸ್ಸಿನಿಂದ ಕೇಳಿಸಿಕೊಂಡವಳು ನಾನು:
ಅಪ್ಪನ ಬಾಯಲ್ಲಿ, ಲೆಕ್ಕದ ಮೇಷ್ಟರ ಬಾಯಲ್ಲಿ,
ಎರಡು ರೂಪಾಯಿ ಚಿಲ್ಲರೆಗೆ ಬಸ್ಸು ನಿಲ್ಲಿಸಿದ ದಿನ
ಐವತ್ತೆರಡು ಬಾಯಲ್ಲಿ,
ಕೋರ್ಟಿನ ಮೆಟ್ಟಿಲ ಮೇಲೆ, ಕಾಗದಕ್ಕೆ ಸಹಿ ಹಾಕಿದ ಮೇಲೂ,
ಅವರಮ್ಮನ ಬಾಯಲ್ಲಿ.
ಈಗ ಯಾರಾದರೂ ಅಂದರೆ
ಬುಟ್ಟಿ ತೆರೆದು ತೋರಿಸುತ್ತೇನೆ.
ಎಣಿಸಿಕೊಳ್ಳಿ.

ಪೆನ್‌ಷನ್ ಮೊಹಲ್ಲಾದ ಒಂದು ಕೋಣೆಯ ಮನೆ.
ಇಲ್ಲಿಯವರೆಗೆ ತಿಂದದ್ದು: ಚಾರ್ಜರಿನ ವೈರು ಎರಡು,
ಚಾಪೆಯ ಮೂಲೆ, ಯೂನಿಫಾರ್ಮಿನ ಒಂದು ಗುಂಡಿ,
ತನ್ನದೇ ಹಿಕ್ಕೆ
(ಅದು ರೋಗವಲ್ಲವಂತೆ, ಕೇಳಿ ಬಂದೆ).
ಕ್ಯಾರೆಟ್ ತಂದರೆ ಮೂತಿ ತಿರುವುತ್ತದೆ.
ಮನೆ ಓನರ್ ಖುರ್ಷಿದಾಬಿ ಬಾಡಿಗೆ ಕೇಳಲು ಬಂದು
ಗರಿಕೆ ಕೊಟ್ಟು ಹೋಗುತ್ತಾರೆ.
ರಾತ್ರಿ ಎರಡಕ್ಕೆ ಎಚ್ಚರವಾದರೆ ನೆಲದ ಮೇಲೆ
ಟಪ್, ಟಪ್, ಒಂಚೂರು ತಡೆದು, ಟಪ್.
ಆ ತಡೆಯುವ ಜಾಗದಲ್ಲಿ
ನಾನು ಉಸಿರು ಹಿಡಿದಿರುತ್ತೇನೆ.

ಹೊಲಿಗೆ ಬಿಚ್ಚಿಸಿ ಬಂದ ದಿನ
ಡಿಪೋ ಗೇಟಿನಲ್ಲಿ ಒಬ್ಬ ಹುಡುಗ, ಹತ್ತೋ ಹನ್ನೊಂದೋ,
ಅಂಗಿಯ ಜೇಬಿನ ತಳಕ್ಕೆ ನೀಲಿ ಕಲೆ.
'ಬಸ್ಸಲ್ಲಿ ಬಿಟ್ಟಿದ್ದು ಇಲ್ಲಿ ಸಿಗತ್ತಂತೆ' ಅಂದ.
ಏನು ಬಿಟ್ಟೆ ಎಂದು ಕೇಳಲಿಲ್ಲ ನಾನು.
ಬುಟ್ಟಿಯ ಬಟ್ಟೆ ಸರಿಸಿದೆ.
ಅವನು ನೋಡಿದ. ತುಂಬ ಹೊತ್ತು ನೋಡಿದ.
ಕೈ ಚಾಚಿದವನು ಹಿಂದಕ್ಕೆಳೆದುಕೊಂಡ.
ಒಳಗಿನದು ಆ ಕೈಯ ಕಡೆಗೇ ಮೂಗು ಎತ್ತಿ
ಪಟಪಟ ಅಲುಗಿಸುತ್ತಿತ್ತು.
'ಇದಲ್ಲ' ಅಂದ. 'ನಮ್ದಕ್ಕೆ ನಾಲ್ಕಿತ್ತು.'

ಸಂಜೆ ಟ್ರಿಪ್ಪಿಗೆ ಬುಟ್ಟಿಯನ್ನು ಜವರಪ್ಪನವರ ಮೇಜಿನಡಿ ಬಿಟ್ಟು ಹೊರಟೆ.
ರಿಜಿಸ್ಟರಿನಲ್ಲಿ 'ಪಡೆದವರ ಸಹಿ' ಎಂಬಲ್ಲಿ
ನನ್ನ ಸಹಿ.
ಬೆಲೆಯ ಖಾನೆ ಹಾಗೇ ಇದೆ.
ಬಸ್ಸಿನಲ್ಲಿ ಅವನೂ ಇದ್ದ, ಹಿಂದಿನ ಉದ್ದ ಸೀಟು.
ಅರ್ಧ ಟಿಕೆಟ್ ಹರಿದು ಕೊಟ್ಟೆ,
ಇಬ್ಬರೂ ಕಿಟಕಿ ನೋಡಿದೆವು.
ಗೊರೂರು ದಾಟಿ ಯಾವುದೋ ಕೈಮರದ ಹತ್ತಿರ ಸೀಟಿ ಊದಿಸಿ
ಫುಟ್‌ಬೋರ್ಡಿನಿಂದ ಇಳಿದವನು
ಬಾಗಿಲು ಮುಚ್ಚುವ ಮೊದಲು ತಿರುಗಿದ:
'ಕೊತ್ತಂಬರಿ ದಂಟು ಕೊಡಿ.
ಸೊಪ್ಪು ಮುಟ್ಟಲ್ಲ.'